ಆಶುಹಾಸ್ಯದ ಬಂಡವಾಳ: ರಾಬಿನ್ ವಿಲಿಯಮ್ಸ್ ಎಂಬ ನೆನಪಿನ ಕಣಜ

ನರರೋಗ ತಜ್ಞ ಆಲಿವರ್ ಸ್ಯಾಕ್ಸ್ ತಮ್ಮ ಆತ್ಮಕಥೆಯಲ್ಲಿ ಒಂದು ಪ್ರಸಂಗ ಬರೆದಿದ್ದಾರೆ. ಅವರದೇ ಪುಸ್ತಕವನ್ನು ಆಧರಿಸಿದ ‘ಅವೇಕನಿಂಗ್ಸ್’ ಚಿತ್ರದ ತಯಾರಿ ನಡೆದಿತ್ತು. ವೈದ್ಯನ ಪಾತ್ರ ಮಾಡಬೇಕಿದ್ದ ರಾಬಿನ್ ವಿಲಿಯಮ್ಸ್ ಅವರನ್ನು ಸ್ಯಾಕ್ಸ್ ನ್ಯೂಯಾರ್ಕಿನ ಬ್ರಾಂಕ್ಸ್ ಪ್ರದೇಶದ ಆಸ್ಪತ್ರೆಯೊಂದರ ವೃದ್ಧರ ವಾರ್ಡಿಗೆ ಕರೆದುಕೊಂಡು ಹೋದರು. ಐದಾರು ರೋಗಿಗಳು ಒಟ್ಟೊಟ್ಟಿಗೇ ಕೂಗಾಡುತ್ತ, ತಲೆಬುಡವಿಲ್ಲದೆ ಮಾತಾಡುತ್ತ ಇದ್ದರು. ವಾಪಸು ಬರುವಾಗ ಕಾರಿನಲ್ಲಿ ಇದ್ದಕ್ಕಿದ್ದಂತೆ ಆ ಇಡೀ ವಾರ್ಡು ವಿಲಿಯಮ್ಸ್ ಬಾಯಿಂದ ಹೊರಬಿತ್ತು. ಪ್ರತಿಯೊಬ್ಬರ ದನಿ, ಪ್ರತಿಯೊಬ್ಬರ ಧಾಟಿ, ಒಬ್ಬರ ಮಾತಿನ ಮೇಲೆ ಇನ್ನೊಬ್ಬರು ಬಿದ್ದದ್ದು, ಎಲ್ಲ ಯಥಾವತ್ತು. ಅವರು ಅಲ್ಲಿ ಸುಮ್ಮನೆ ನಿಂತಿದ್ದಂತೆ ಕಂಡ ಹೊತ್ತಿನಲ್ಲಿ ಎಲ್ಲವನ್ನೂ ಒಳಗೆ ತುಂಬಿಕೊಳ್ಳುತ್ತಿದ್ದರು.

ಆಮೇಲೆ ಸ್ಯಾಕ್ಸ್‌ಗೆ ಇನ್ನೊಂದು ವಿಚಿತ್ರ ಅನುಭವವಾಯಿತು. ಕೆಲವೇ ವಾರಗಳಲ್ಲಿ ಅವರ ನಿಲುವು, ನಡಿಗೆ, ಕೈ ಆಡಿಸುವ ರೀತಿ ವಿಲಿಯಮ್ಸ್ ಮೈಗೆ ಬಂದುಬಿಟ್ಟಿದ್ದವು. ತನಗೊಬ್ಬ ಅವಳಿ ತಮ್ಮ ಹುಟ್ಟಿಕೊಂಡಂತೆ ಅವರಿಗೆ ಮುಜುಗರವಾಯಿತು.

ಸ್ಥಳದಲ್ಲೇ ಮಾತು ಕಟ್ಟಿ ನಗಿಸುವವರ ಬಗ್ಗೆ ನಾವು ಎರಡು ಮಾತು ಆಡಿ ಮುಗಿಸುತ್ತೇವೆ. ಒಂದು, ‘ಅದು ದೇವರು ಕೊಟ್ಟ ವರ, ಬಾಯಿ ತೆರೆದರೆ ಬರುತ್ತದೆ’ ಎನ್ನುವುದು. ಎರಡನೆಯದು, ‘ನಗಿಸುವವನ ಎದೆಯೊಳಗೆ ಅಳು ಇರುತ್ತದೆ’ ಎನ್ನುವುದು. ರಾಬಿನ್ ವಿಲಿಯಮ್ಸ್ ಹೆಸರಿನ ಸುತ್ತ ಈ ಎರಡೂ ಮಾತು ದಪ್ಪಗೆ ಅಂಟಿಕೊಂಡಿವೆ. 2014ರ ಆಗಸ್ಟ್ 11ರಂದು ಅವರು ತೀರಿಕೊಂಡ ಮೇಲಂತೂ ಎರಡನೆಯ ಮಾತಿಗೆ ಅವರ ಫೋಟೊ ಹಾಕಿ ಹಂಚುವುದು ರೂಢಿಯೇ ಆಗಿದೆ. ಎರಡೂ ಸೋಮಾರಿ ಮಾತುಗಳು. ಮೊದಲನೆಯದು ಅವರ ದುಡಿಮೆಯನ್ನು ಮುಚ್ಚುತ್ತದೆ, ಎರಡನೆಯದು ಅವರ ಕಾಯಿಲೆಯನ್ನು.

ಆಶುಮಾತು ನಮಗೇನೂ ಹೊಸದಲ್ಲ. ತಾಳಮದ್ದಲೆಯ ಅರ್ಥಧಾರಿ ಬರೆದಿಟ್ಟ ಮಾತು ಒಪ್ಪಿಸುವುದಿಲ್ಲ. ಆದರೆ ಅವನ ಹಿಂದೆ ಪ್ರಸಂಗದ ಪದ್ಯವಿದೆ, ವರ್ಷಗಟ್ಟಲೆ ಓದಿದ ಪುರಾಣವಿದೆ, ಎದುರಿಗೆ ಕೂತು ಪ್ರಶ್ನೆ ಎಸೆಯುವ ಇನ್ನೊಬ್ಬ ಅರ್ಥಧಾರಿ ಇದ್ದಾನೆ. ಮಾಸ್ಟರ್ ಹಿರಣ್ಣಯ್ಯ ‘ಲಂಚಾವತಾರ’ದಲ್ಲಿ ಅಂದಂದಿನ ರಾಜಕೀಯವನ್ನು ಅಂದಂದೇ ಬೆರೆಸುತ್ತಿದ್ದರು, ಹಾಗೆ ಬೆರೆಸಲು ಕೆಳಗೊಂದು ಗಟ್ಟಿ ನಾಟಕ ಇತ್ತು. ವಿಲಿಯಮ್ಸ್ ಕಥೆಯೂ ಈ ದಾರಿಯದೇ. ಅವರ ಬಂಡವಾಳ ನೆನಪು. ಅದರ ಮೇಲೆ ಕಟ್ಟುನಿಟ್ಟಿನ ತರಬೇತಿ, ಜಾಗ ಬಿಟ್ಟುಕೊಟ್ಟ ಜೊತೆಗಾರರು.

1951ರ ಜುಲೈ 21ರಂದು ಷಿಕಾಗೊದಲ್ಲಿ ಹುಟ್ಟಿದರು. ಅಪ್ಪ ಫೋರ್ಡ್ ಕಾರು ಕಂಪನಿಯ ದೊಡ್ಡ ಅಧಿಕಾರಿ, ಅಮ್ಮ ಮದುವೆಗೆ ಮುಂಚೆ ಮಾಡೆಲ್ ಆಗಿದ್ದವರು. ಡೆಟ್ರಾಯಿಟ್ ಬಳಿಯ ದೊಡ್ಡ ಬಂಗಲೆಯಲ್ಲಿ ಹುಡುಗ ಬಹುಪಾಲು ಒಬ್ಬನೇ ಬೆಳೆದ. ಆಟಿಕೆ ಸೈನಿಕರನ್ನು ಸಾಲಾಗಿ ನಿಲ್ಲಿಸಿ ಒಬ್ಬೊಬ್ಬನಿಗೂ ಒಂದೊಂದು ದನಿ ಕೊಡುವುದು ಅವನ ಆಟ. ಅಮ್ಮನ ಗಮನ ಸೆಳೆಯಲು ನಗಿಸುವುದನ್ನು ಕಲಿತೆ ಎಂದು ಮುಂದೆ ಹೇಳುತ್ತಿದ್ದರು. ಅಪ್ಪ ಸುಲಭಕ್ಕೆ ನಗುವ ಆಸಾಮಿಯಲ್ಲ. ಅಂಥ ಅಪ್ಪ ಟಿ.ವಿ. ಮುಂದೆ ಕೂತು ಬಿದ್ದು ಬಿದ್ದು ನಕ್ಕದ್ದನ್ನು ಮಗ ನೋಡಿದ್ದು ಜಾನಥನ್ ವಿಂಟರ್ಸ್ ಎಂಬ ಹಾಸ್ಯಗಾರನಿಂದ.

ಈ ವಿಂಟರ್ಸ್ ಬಗ್ಗೆ ಸ್ವಲ್ಪ ಹೇಳಲೇಬೇಕು. 1964ರಲ್ಲಿ ಜ್ಯಾಕ್ ಪಾರ್ ಎಂಬ ನಿರೂಪಕ ತನ್ನ ಟಿ.ವಿ. ಕಾರ್ಯಕ್ರಮದಲ್ಲಿ ಅವರ ಕೈಗೆ ಒಂದು ಕೋಲು ಕೊಟ್ಟು ‘ಏನಾದರೂ ಮಾಡು’ ಎಂದುಬಿಟ್ಟ. ಮುಂದಿನ ಕೆಲವು ನಿಮಿಷ ಆ ಕೋಲು ಮೀನಿನ ಗಾಳವಾಯಿತು, ಇನ್ನೂ ಏನೇನೋ ಆಯಿತು. ಕೋಲಿನ ಜೊತೆಗೆ ವಿಂಟರ್ಸ್ ಕೂಡ ಬೇರೆ ಬೇರೆ ಮನುಷ್ಯರಾದರು. ಅಮೆರಿಕದ ಹಾಸ್ಯದ ಚರಿತ್ರೆಯಲ್ಲಿ ಆ ತುಣುಕಿಗೆ ದೊಡ್ಡ ಜಾಗವಿದೆ. 2001ರಲ್ಲಿ ನಟರ ಸಂದರ್ಶನದ ಕಾರ್ಯಕ್ರಮವೊಂದರಲ್ಲಿ ವಿಲಿಯಮ್ಸ್ ಸಭಿಕರೊಬ್ಬರ ಶಾಲು ಕಿತ್ತುಕೊಂಡು ಹೀಗೇ ಮಾಡಿದರು. ಮುಸುಕು, ಕಾರು ತೊಳೆಯುವ ಯಂತ್ರ, ಮತ್ತೇನೇನೋ. ಒಂದಾದ ಮೇಲೊಂದು, ಉಸಿರು ಬಿಡಲೂ ಬಿಡುವಿಲ್ಲ. ಅದನ್ನು ಕಂಡು ‘ಎಲ್ಲಿಂದ ಬಂತಪ್ಪ ಇದು’ ಎಂದು ಬೆರಗಾದವರಿಗೆ ಉತ್ತರ ಆ ಹಳೆಯ ಕೋಲಿನಲ್ಲಿತ್ತು. ವಿಂಟರ್ಸ್ ತನ್ನ ಗುರು ಎಂದು ವಿಲಿಯಮ್ಸ್ ಕೊನೆಯವರೆಗೂ ಹೇಳಿಕೊಂಡರು.

ಇನ್ನು ತರಬೇತಿ. 1973ರಲ್ಲಿ ನ್ಯೂಯಾರ್ಕಿನ ಜೂಲಿಯಾರ್ಡ್ ನಾಟಕ ಶಾಲೆಗೆ ವಿದ್ಯಾರ್ಥಿವೇತನದ ಮೇಲೆ ಸೇರಿದರು. ಜೊತೆಯಲ್ಲಿದ್ದವರು ಮುಂದೆ ‘ಸೂಪರ್‌ಮ್ಯಾನ್’ ಆದ ಕ್ರಿಸ್ಟೋಫರ್ ರೀವ್. ಅಲ್ಲಿ ಉಚ್ಚಾರಣೆ ಕಲಿಸುತ್ತಿದ್ದ ಎಡಿತ್ ಸ್ಕಿನ್ನರ್ ಬಹಳ ಶಿಸ್ತಿನ ಗುರು. ಈ ಹುಡುಗನಿಗೆ ಏನು ಕಲಿಸಬೇಕು ಎಂಬುದೇ ಅವರಿಗೆ ತಿಳಿಯಲಿಲ್ಲ, ಏಕೆಂದರೆ ಸ್ಕಾಟಿಷ್, ಐರಿಷ್, ರಷ್ಯನ್ ಎಂದು ಎಲ್ಲ ಧಾಟಿಯೂ ಅವನಿಗೆ ಆಗಲೇ ಕರಗತವಾಗಿತ್ತು ಎಂದು ರೀವ್ ಬರೆದಿದ್ದಾರೆ. ಕೈಖರ್ಚಿಗೆ ಮುಖಕ್ಕೆ ಬಿಳಿ ಬಳಿದುಕೊಂಡು ಮ್ಯೂಸಿಯಂ ಎದುರು ಮೂಕಾಭಿನಯ ಮಾಡುತ್ತಿದ್ದರು. ಪದವಿ ಮುಗಿಸದೆ 1976ರಲ್ಲಿ ಹೊರಬಿದ್ದರು. ಮುಂದೆ ಸ್ಯಾನ್ ಫ್ರಾನ್ಸಿಸ್ಕೊದ ‘ಹೋಲಿ ಸಿಟಿ ಝೂ’ ಎಂಬ ಪುಟ್ಟ ಕ್ಲಬ್ಬು, ಲಾಸ್ ಏಂಜಲಿಸ್‌ನ ‘ಕಾಮೆಡಿ ಸ್ಟೋರ್’. ರಾತ್ರಿ ಮೇಲೆ ರಾತ್ರಿ ಕುಡಿದ ಜನರ ಮುಂದೆ ನಿಂತು ನಗಿಸುವ ಕೆಲಸ. ಶೇಕ್ಸ್‌ಪಿಯರ್ ಓದಿದ ನಾಲಿಗೆಯನ್ನು ಬೀದಿಯ ಜನ ಪರೀಕ್ಷಿಸಿದ ಕಾಲ ಅದು.

1978ರಲ್ಲಿ ‘ಹ್ಯಾಪಿ ಡೇಸ್’ ಧಾರಾವಾಹಿಯ ಒಂದು ಕಂತಿಗೆ ಅನ್ಯಗ್ರಹದವನೊಬ್ಬ ಬೇಕಾಗಿದ್ದ. ನಿರ್ಮಾಪಕ ಗ್ಯಾರಿ ಮಾರ್ಷಲ್ ಆಯ್ಕೆಗೆ ಬಂದವರಿಗೆ ‘ಕೂತುಕೊಳ್ಳಿ’ ಎಂದರು. ವಿಲಿಯಮ್ಸ್ ಕುರ್ಚಿಯ ಮೇಲೆ ತಲೆ ಕೆಳಗೆ ಮಾಡಿ ಕೂತರು. ಬಂದವರಲ್ಲಿ ನಿಜವಾದ ಅನ್ಯಗ್ರಹದವನು ಇವನೊಬ್ಬನೇ ಎಂದು ಮಾರ್ಷಲ್ ಕೆಲಸ ಕೊಟ್ಟರು. ಆ ಒಂದು ಕಂತೇ ‘ಮಾರ್ಕ್ ಆ್ಯಂಡ್ ಮಿಂಡಿ’ ಎಂಬ ಸ್ವತಂತ್ರ ಧಾರಾವಾಹಿಗೆ ದಾರಿಯಾಯಿತು. ಮರುವರ್ಷವೇ ‘ಟೈಮ್’ ಪತ್ರಿಕೆಯ ಮುಖಪುಟದಲ್ಲಿ ಅವರ ಚಿತ್ರ.

ಇಲ್ಲಿ ಗಮನಿಸಬೇಕಾದವರು ಇನ್ನಿಬ್ಬರಿದ್ದಾರೆ. ಅಂಥ ಧಾರಾವಾಹಿಗಳನ್ನು ಸ್ಟುಡಿಯೊದಲ್ಲಿ ಮೂರು ಕ್ಯಾಮೆರಾ ಇಟ್ಟು ಚಿತ್ರಿಸುವುದು ಆಗ ವಾಡಿಕೆಯಾಗಿತ್ತು. ವಿಲಿಯಮ್ಸ್ ಯಾವ ಮೂಲೆಗೆ ಓಡುತ್ತಾರೋ ಗೊತ್ತಾಗದೆ, ಅವರನ್ನು ಹಿಂಬಾಲಿಸಲೆಂದೇ ಮಾರ್ಷಲ್ ನಾಲ್ಕನೆಯ ಕ್ಯಾಮೆರಾ ತರಿಸಿದರು. ಇನ್ನೊಬ್ಬರು ಮಿಂಡಿಯ ಪಾತ್ರ ಮಾಡಿದ ಪ್ಯಾಮ್ ಡಾಬರ್. ಎದುರಿಗಿರುವವನು ಬರೆದದ್ದು ಬಿಟ್ಟು ಎಲ್ಲೆಲ್ಲೋ ಹಾರಾಡುವಾಗ ದೃಶ್ಯದ ಎಳೆ ಹಿಡಿದುಕೊಂಡು, ನಗು ತಡೆದುಕೊಂಡು, ಅವನನ್ನು ಮತ್ತೆ ಕಥೆಗೆ ಎಳೆದು ತರುವ ಕೆಲಸ ಅವರದು. ಪ್ರಶಸ್ತಿಗಳೆಲ್ಲ ಹಾರಾಡಿದವನಿಗೆ ಹೋದವು. ಆಶುಹಾಸ್ಯದ ಬಗ್ಗೆ ಬರೆಯುವವರು ಡಾಬರ್ ಅಂಥವರಿಗೆ ಅರ್ಧ ವಾಕ್ಯವನ್ನೂ ಕೊಡುವುದಿಲ್ಲ. ಇದು ಅನ್ಯಾಯ.

ಧಾರಾವಾಹಿಯ ನಾಲ್ಕನೆಯ ವರ್ಷ ವಿಂಟರ್ಸ್ ಅವರನ್ನು ಕರೆಸಿ ವಿಲಿಯಮ್ಸ್‌ಗೆ ಮಗನನ್ನಾಗಿ ಮಾಡಿದರು. ಆ ಗ್ರಹದವರು ಮುದುಕರಾಗಿ ಹುಟ್ಟಿ ಮಕ್ಕಳಾಗುತ್ತಾರೆ ಎಂಬುದು ಕಥೆಯ ಲೆಕ್ಕ, ಹಾಗಾಗಿ ಗುರು ಶಿಷ್ಯನ ಮಡಿಲ ಕೂಸು. ಜನಪ್ರಿಯತೆ ಮಾತ್ರ ಅಷ್ಟರಲ್ಲಿ ಇಳಿದಿತ್ತು. 1982ರಲ್ಲಿ ಧಾರಾವಾಹಿ ನಿಂತಿತು. ಆ ವರ್ಷದ ಮಾರ್ಚಿನಲ್ಲೇ ಗೆಳೆಯ ಜಾನ್ ಬೆಲೂಷಿ ಮಾದಕ ವಸ್ತುವಿನಿಂದ ಸತ್ತರು. ಆ ರಾತ್ರಿ ವಿಲಿಯಮ್ಸ್ ಬೆಲೂಷಿಯನ್ನು ಕಂಡು ಬಂದಿದ್ದರು. ತಾವೂ ಕೊಕೇನ್‌ಗೆ ಬಿದ್ದಿದ್ದವರು, ಅಲ್ಲಿಗೆ ಅದನ್ನು ಬಿಟ್ಟರು. ಕುಡಿತ ಮಾತ್ರ ಇಪ್ಪತ್ತು ವರ್ಷಗಳ ಮೇಲೆ ಮತ್ತೆ ಅಂಟಿಕೊಂಡಿತು. 2006ರಲ್ಲಿ ಚಿಕಿತ್ಸೆಗೆ ಸೇರಿದರು.

ನೆನಪಿನ ಈ ಕಣಜಕ್ಕೆ ಇನ್ನೊಂದು ಮುಖವೂ ಇತ್ತು. ಬೇರೆಯವರ ಜೋಕುಗಳನ್ನು ಎತ್ತಿಕೊಳ್ಳುತ್ತಾರೆ ಎಂಬ ದೂರು ಎಂಬತ್ತರ ದಶಕದ ಕ್ಲಬ್ಬುಗಳಲ್ಲಿ ಜೋರಾಗಿತ್ತು. ಅವರು ಬಂದರೆಂದರೆ ಸಹ ಹಾಸ್ಯಗಾರರು ತಮ್ಮ ಸರಕು ಬಚ್ಚಿಡುತ್ತಿದ್ದರಂತೆ. ಕೇಳಿದ್ದು ತಲೆಯಲ್ಲಿ ಉಳಿದು ವೇಗದಲ್ಲಿ ತಮ್ಮದೇ ಎಂಬಂತೆ ಹೊರಬರುತ್ತದೆ ಎಂದು ಅವರು ಒಪ್ಪಿಕೊಂಡರು, ಕೆಲವರಿಗೆ ಹಣವನ್ನೂ ಕೊಟ್ಟರು. ಅಭಿಮಾನಿಗಳು ಈ ಭಾಗವನ್ನು ಹಾರಿಸಿ ಮುಂದೆ ಹೋಗುತ್ತಾರೆ. ಹಾರಿಸಬಾರದು. ವರವಾಗಿದ್ದರೆ ಸಾಲ ಇರುತ್ತಿರಲಿಲ್ಲ. ದುಡಿಮೆಯಾದ್ದರಿಂದಲೇ ಸಾಲವೂ ಇತ್ತು.

ಸಿನಿಮಾ ಅವರಿಗೆ ಬೇಗ ಒಲಿಯಲಿಲ್ಲ. 1980ರ ‘ಪಾಪೈ’ಯಿಂದ ಮುಂದಿನ ಏಳೆಂಟು ವರ್ಷ ಒಂದೆರಡು ಒಳ್ಳೆಯ ಪಾತ್ರ, ಉಳಿದದ್ದು ಮರೆತುಹೋಗುವಂಥದು. ಬರೆದಂತೆ ಒಪ್ಪಿಸಿದರೆ ಅವರ ಚುರುಕು ಸಾಯುತ್ತಿತ್ತು. ಬಿಟ್ಟರೆ ಕಥೆ ಸಾಯುತ್ತಿತ್ತು. 1987ರ ‘ಗುಡ್ ಮಾರ್ನಿಂಗ್, ವಿಯೆಟ್ನಾಂ’ನಲ್ಲಿ ನಿರ್ದೇಶಕ ಬ್ಯಾರಿ ಲೆವಿನ್ಸನ್ ಈ ಗಂಟು ಬಿಡಿಸಿದರು. ನಾಯಕ ಸೈನಿಕರ ರೇಡಿಯೊ ಉದ್ಘೋಷಕ. ರೇಡಿಯೊ ಕೋಣೆಯಲ್ಲಿ ಕೂರಿಸಿ ಕ್ಯಾಮೆರಾ ಓಡಿಸಿದರು, ಮೈಕಿನ ಮುಂದೆ ವಿಲಿಯಮ್ಸ್ ಪ್ರತಿ ಸಲವೂ ಹೊಸದೊಂದನ್ನು ಆಡಿದರು. ಕೋಣೆಯ ಹೊರಗಿನ ಕಥೆ ಬರೆದಂತೆಯೇ ಸಾಗಿತು. ಪಾತ್ರಕ್ಕೆ ಮೂಲವಾಗಿದ್ದ ಏಡ್ರಿಯನ್ ಕ್ರಾನವರ್, ಅದರಲ್ಲಿ ಅರ್ಧದಷ್ಟನ್ನು ತಾನು ಮಾಡಿದ್ದರೂ ಸೇನೆಯ ಜೈಲಿನಲ್ಲಿರುತ್ತಿದ್ದೆ ಎಂದು ನಗುತ್ತಿದ್ದರು. ವಿಲಿಯಮ್ಸ್‌ಗೆ ಮೊದಲ ಆಸ್ಕರ್ ನಾಮನಿರ್ದೇಶನ ಸಿಕ್ಕಿದ್ದು ಈ ಪಾತ್ರಕ್ಕೆ.

‘ಅಲಾದಿನ್’ನ ಜೀನಿ ಹುಟ್ಟಿದ್ದು ಇನ್ನೂ ಸ್ವಾರಸ್ಯಕರ. ಅವರನ್ನು ಒಪ್ಪಿಸಲು ಡಿಸ್ನಿಯ ಕಲಾವಿದ ಎರಿಕ್ ಗೋಲ್ಡ್‌ಬರ್ಗ್ ಅವರದೇ ಹಳೆಯ ಹಾಸ್ಯದ ಧ್ವನಿಮುದ್ರಿಕೆಯ ತುಣುಕಿಗೆ ಜೀನಿಯ ಚಿತ್ರ ಬರೆದು ಕುಣಿಸಿ ತೋರಿಸಿದರು. ವಿಲಿಯಮ್ಸ್ ನಕ್ಕರು, ಒಪ್ಪಿದರು. ಚಿತ್ರದ ಆರಂಭದಲ್ಲಿ ಬರುವ ವ್ಯಾಪಾರಿಯ ದನಿಯೂ ಅವರದೇ. ಅದಕ್ಕೆ ಬಟ್ಟೆಯೊಂದರ ಕೆಳಗೆ ಸಾಮಾನುಗಳನ್ನು ಮುಚ್ಚಿಟ್ಟು, ಒಂದೊಂದನ್ನೇ ತೆಗೆದು ಮಾರುವಂತೆ ಹೇಳಿದರು. ಮತ್ತೆ ಅದೇ ಕೋಲಿನ ಆಟ. ಧ್ವನಿಮುದ್ರಣದಲ್ಲಿ ಸುಮಾರು 16 ಗಂಟೆಗಳಷ್ಟು ಸರಕು ಕೂಡಿತು ಎಂದು ಆಗ ವರದಿಯಾಗಿತ್ತು. ಅದರಿಂದ ಆರಿಸಿ, ಕತ್ತರಿಸಿ, ದನಿಗೆ ತಕ್ಕಂತೆ ಚಿತ್ರ ಬರೆದವರ ಕೆಲಸ ಕಡಿಮೆಯದಲ್ಲ. ಈ ಪಾತ್ರಕ್ಕೆ ಅವರು ಪಡೆದದ್ದು ಸಂಘದ ಕನಿಷ್ಠ ದರ, 75,000 ಡಾಲರ್. ಬದಲಿಗೆ ತನ್ನ ದನಿಯನ್ನು ಆಟಿಕೆ, ತಿಂಡಿ ಮಾರಲು ಬಳಸಬಾರದು ಎಂಬ ಷರತ್ತು. ಡಿಸ್ನಿ ಷರತ್ತು ಮೀರಿತು ಎಂದು ಅವರು ಬಹಿರಂಗವಾಗಿಯೇ ಜಗಳ ತೆಗೆದರು. ಸಮಾಧಾನಕ್ಕೆ ಕಂಪನಿ ಪಿಕಾಸೊ ಚಿತ್ರವೊಂದನ್ನು ಕಳಿಸಿತು. ಅದರಿಂದ ಕೋಪ ಇಳಿಯಲಿಲ್ಲ. ಮುಂದಿನ ಭಾಗದಲ್ಲಿ ಜೀನಿಗೆ ಬೇರೆಯವರ ದನಿ ಬಂತು. ಸ್ಟುಡಿಯೊದ ಹೊಸ ಮುಖ್ಯಸ್ಥರು ಕ್ಷಮೆ ಕೇಳಿದ ಮೇಲಷ್ಟೇ 1996ರ ಮೂರನೆಯ ಭಾಗಕ್ಕೆ ವಿಲಿಯಮ್ಸ್ ಮರಳಿದರು. ನಟನ ದನಿ ಯಾರ ಸ್ವತ್ತು ಎಂಬ ಈ ಜಗಳಕ್ಕೆ ಮುಂದೆ ಮತ್ತೆ ಬರೋಣ.

1993ರ ‘ಮಿಸೆಸ್ ಡೌಟ್‌ಫೈರ್’ ನಮ್ಮವರಿಗೆ ಪರಿಚಿತ. ಕಮಲ್ ಹಾಸನ್ ಅವರ ‘ಅವ್ವೈ ಷಣ್ಮುಗಿ’, ಆಮೇಲೆ ‘ಚಾಚಿ 420’ ಚಿತ್ರಗಳ ಬೇರು ಅಲ್ಲಿದೆ. ನಿರ್ದೇಶಕ ಕ್ರಿಸ್ ಕೊಲಂಬಸ್ ಹೇಳುವ ಕ್ರಮ ಹೀಗಿತ್ತು: ಮೊದಲು ಎರಡು-ಮೂರು ಟೇಕು ಬರೆದಂತೆಯೇ, ಅಕ್ಷರ ಬಿಡದೆ. ಆಮೇಲೆ ವಿಲಿಯಮ್ಸ್ ಕೇಳುತ್ತಿದ್ದರು, ಇನ್ನು ಆಡಲೇ? ಅಲ್ಲಿಂದ ಮುಂದೆ ಒಂದೊಂದು ದೃಶ್ಯಕ್ಕೆ ಹದಿನೈದು, ಇಪ್ಪತ್ತು ಟೇಕು. ಎದುರಿನ ನಟರ ಮುಖದಲ್ಲಿ ಮೂಡುವ ಅಚ್ಚರಿ ಮತ್ತೆ ಸಿಗುವುದಿಲ್ಲ, ಹಾಗಾಗಿ ಒಂದಕ್ಕಿಂತ ಹೆಚ್ಚು ಕ್ಯಾಮೆರಾ ಒಟ್ಟಿಗೇ ಓಡಬೇಕಿತ್ತು. ಬರೆದದ್ದನ್ನು ಪೂರ್ತಿ ಅರಗಿಸಿಕೊಂಡವನಿಗೇ ಅದನ್ನು ಮುರಿಯುವ ಹಕ್ಕು ಎಂದು ಅವರು ಬಾಯಲ್ಲಿ ಹೇಳಲಿಲ್ಲ, ನಡೆದು ತೋರಿಸಿದರು. ನಮ್ಮ ಟಿ.ವಿ. ಹಾಸ್ಯ ಕಾರ್ಯಕ್ರಮಗಳಲ್ಲಿ ಸ್ಕ್ರಿಪ್ಟನ್ನೇ ಓದದೆ ‘ಪಂಚ್’ ಹೊಡೆಯಲು ನಿಲ್ಲುವವರು ಇದನ್ನು ಗಮನಿಸಬೇಕು.

‘ಗುಡ್ ವಿಲ್ ಹಂಟಿಂಗ್’ಗೆ 1998ರ ಮಾರ್ಚಿನಲ್ಲಿ ಆಸ್ಕರ್ ಬಂತು. ಪಾರ್ಕಿನ ಬೆಂಚಿನ ಮೇಲಿನ ಹೆಸರುವಾಸಿ ಮಾತು ಬರಹದಲ್ಲಿದ್ದದ್ದು. ವಿಲಿಯಮ್ಸ್ ಅದನ್ನು ಕದಲದೆ ಕೂತು ಆಡುತ್ತಾರೆ. ತೀರಿಹೋದ ಹೆಂಡತಿ ನಿದ್ದೆಯಲ್ಲಿ ಹೂಸು ಬಿಡುತ್ತಿದ್ದ ಕಥೆ ಮಾತ್ರ ಸ್ಥಳದಲ್ಲೇ ಹುಟ್ಟಿದ್ದು. ಎದುರಿದ್ದ ಮ್ಯಾಟ್ ಡೇಮನ್ ನಗು ತಡೆಯಲಾರದೆ ಹೊರಳುತ್ತಾರೆ. ಆ ದೃಶ್ಯದಲ್ಲಿ ಕ್ಯಾಮೆರಾ ಕೂಡ ಸ್ವಲ್ಪ ಅಲುಗುತ್ತದೆ. ಪ್ರಶಸ್ತಿ ಪಡೆಯುವಾಗ ಅವರು ಅಪ್ಪನನ್ನು ನೆನೆದರು: ನಟನಾಗುತ್ತೇನೆ ಎಂದಾಗ, ಆಗು, ಆದರೆ ಕೈಯಲ್ಲಿ ವೆಲ್ಡಿಂಗ್‌ನಂಥ ಒಂದು ಕಸುಬು ಇರಲಿ ಎಂದಿದ್ದರಂತೆ.

ಎಲ್ಲವೂ ಚಿನ್ನವಲ್ಲ. ‘ಪ್ಯಾಚ್ ಆ್ಯಡಮ್ಸ್’ ಅತಿಯಾದ ಕಣ್ಣೀರು. ಟಿ.ವಿ. ಸಂದರ್ಶನಗಳಲ್ಲಿ ಅವರು ಹತ್ತು ನಿಮಿಷದಲ್ಲಿ ಮೂವತ್ತು ದನಿ ತೆಗೆದದ್ದನ್ನು ಈಗ ನೋಡಿದರೆ ಆಯಾಸವಾಗುತ್ತದೆ. ಕೆಲವು ಅಣಕು ಧಾಟಿಗಳು ಇಂದಿನ ಕಿವಿಗೆ ಹಿತವೂ ಅಲ್ಲ. ತಡೆಯುವವರು, ಮರಳಿ ಕರೆಯುವವರು ಇದ್ದಾಗ ಅವರ ಕೆಲಸ ಎತ್ತರಕ್ಕೆ ಹೋಯಿತು.

ವೇದಿಕೆಯೇ ಇಲ್ಲದ ಕಡೆಯೂ ಅವರು ತಮ್ಮ ಆಶುಹಾಸ್ಯವನ್ನು ಬಳಸಿದರು. 1995ರಲ್ಲಿ ಕುದುರೆಯಿಂದ ಬಿದ್ದು ಕುತ್ತಿಗೆಯ ಕೆಳಗೆ ಸ್ವಾಧೀನ ಕಳೆದುಕೊಂಡ ರೀವ್ ಶಸ್ತ್ರಚಿಕಿತ್ಸೆಗೆ ಕಾಯುತ್ತ ಮಲಗಿದ್ದಾಗ, ರಷ್ಯನ್ ಧಾಟಿಯಲ್ಲಿ ಮಾತಾಡುತ್ತ ವೈದ್ಯನೊಬ್ಬ ಒಳನುಗ್ಗಿ ತಕ್ಷಣ ಗುದದ್ವಾರ ಪರೀಕ್ಷಿಸಬೇಕೆಂದು ಹಟ ಹಿಡಿದ. ಅದು ಜೂಲಿಯಾರ್ಡ್‌ನ ಗೆಳೆಯ. ಅಪಘಾತದ ನಂತರ ತಾನು ಮೊದಲ ಸಲ ನಕ್ಕಿದ್ದು ಆಗಲೇ ಎಂದು ರೀವ್ ಬರೆದರು. ಮನೆಯಿಲ್ಲದವರಿಗಾಗಿ ಬಿಲ್ಲಿ ಕ್ರಿಸ್ಟಲ್, ವೂಪಿ ಗೋಲ್ಡ್‌ಬರ್ಗ್ ಜೊತೆ 1986ರಿಂದ ನಡೆಸಿದ ‘ಕಾಮಿಕ್ ರಿಲೀಫ್’ ಕಾರ್ಯಕ್ರಮಗಳು ಕೋಟ್ಯಂತರ ಡಾಲರ್ ಕೂಡಿಸಿದವು.

ಈಗ ಆ ಎರಡನೆಯ ಸೋಮಾರಿ ಮಾತಿಗೆ ಬರೋಣ. 2011ರಲ್ಲಿ ವಿಲಿಯಮ್ಸ್ ಬ್ರಾಡ್‌ವೇಯಲ್ಲಿ ರಾಜೀವ್ ಜೋಸೆಫ್ ಅವರ ‘ಬೆಂಗಾಲ್ ಟೈಗರ್ ಅಟ್ ದಿ ಬಾಗ್ದಾದ್ ಝೂ’ ನಾಟಕದಲ್ಲಿ ಹುಲಿಯ ಪಾತ್ರ ಮಾಡಿದರು. ತಿಂಗಳುಗಟ್ಟಲೆ, ಎಷ್ಟೋ ದಿನ ಎರಡೆರಡು ಪ್ರದರ್ಶನ, ನೂರಾರು ಸಾಲು ಮಾತು, ಒಂದೂ ತಪ್ಪಲಿಲ್ಲ. ಮೂರು ವರ್ಷ ಕಳೆದು, 2014ರ ಏಪ್ರಿಲ್‌ನಲ್ಲಿ ವ್ಯಾಂಕೂವರ್‌ನಲ್ಲಿ ‘ನೈಟ್ ಅಟ್ ದಿ ಮ್ಯೂಸಿಯಂ’ ಸರಣಿಯ ಮೂರನೆಯ ಚಿತ್ರ ನಡೆಯುವಾಗ ಒಂದು ಸಾಲೂ ನೆನಪಿನಲ್ಲಿ ನಿಲ್ಲುತ್ತಿರಲಿಲ್ಲ. ಇದನ್ನೆಲ್ಲ ಬರೆದವರು ಅವರ ಪತ್ನಿ ಸೂಸನ್ ಷ್ನೈಡರ್ ವಿಲಿಯಮ್ಸ್, 2016ರಲ್ಲಿ ‘ನ್ಯೂರಾಲಜಿ’ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ. 2013ರ ಅಕ್ಟೋಬರ್‌ನಿಂದಲೇ ಕಾರಣವಿಲ್ಲದ ಭಯ, ನಿದ್ದೆಗೇಡು, ಹೊಟ್ಟೆಯ ತೊಂದರೆ, ಕೈ ನಡುಕ ಒಂದೊಂದಾಗಿ ಬಂದಿದ್ದವು. 2014ರ ಮೇ ಕೊನೆಗೆ ವೈದ್ಯರು ಪಾರ್ಕಿನ್ಸನ್ ಎಂದರು. ಆಗಸ್ಟ್‌ನಲ್ಲಿ ಕ್ಯಾಲಿಫೋರ್ನಿಯಾದ ಮನೆಯಲ್ಲಿ ಅವರು ತಮ್ಮ ಜೀವ ತೆಗೆದುಕೊಂಡರು.

ಮರಣೋತ್ತರ ಪರೀಕ್ಷೆ ಬೇರೆಯದನ್ನೇ ಹೇಳಿತು. ಲೂಯಿ ಬಾಡಿ ಡಿಮೆನ್ಶಿಯಾ. ಒಂದು ಬಗೆಯ ಪ್ರೋಟೀನು ಮೆದುಳಿನ ಕೋಶಗಳಲ್ಲಿ ಗಂಟುಗಟ್ಟಿ ನೆನಪು, ಚಲನೆ, ನಿದ್ದೆ, ಮನಸ್ಸಿನ ಸ್ಥಿತಿ ಎಲ್ಲವನ್ನೂ ಕೆಡಿಸುವ ಕಾಯಿಲೆ. ತಾವು ಕಂಡ ಅತಿ ಕೆಟ್ಟ ಪ್ರಕರಣಗಳಲ್ಲಿ ಇದೂ ಒಂದು ಎಂದು ದಾಖಲೆ ನೋಡಿದ ತಜ್ಞರು ಹೇಳಿದರೆಂದು ಸೂಸನ್ ಬರೆದಿದ್ದಾರೆ. ಹೆಸರು ತಿಳಿಯುವ ಮೊದಲೇ ರೋಗಿ ಹೋಗಿದ್ದರು. ಅವರ ಬದುಕಿನಲ್ಲಿ ಖಿನ್ನತೆ, ಚಟ ಇರಲಿಲ್ಲವೆಂದಲ್ಲ. ಆದರೆ ಕೊನೆಯ ತಿಂಗಳುಗಳನ್ನು ‘ನಗುವಿನ ಹಿಂದಿನ ಅಳು’ ಎಂಬ ಕಥೆಗೆ ಒಗ್ಗಿಸುವುದು ತಪ್ಪು. ಯಾವ ಅಂಗದಿಂದ ಆ ಮನುಷ್ಯ ನಾಲ್ಕು ದಶಕ ದುಡಿದರೋ ಅದೇ ಅಂಗಕ್ಕೆ ಕಾಯಿಲೆ ಬಂದಿತ್ತು. ನಮ್ಮ ಮನೆಗಳ ಹಿರಿಯರಲ್ಲಿ ನಡುಕದ ಜೊತೆಗೆ ಇಲ್ಲದ್ದು ಕಾಣುವುದು, ನಿದ್ದೆಯಲ್ಲಿ ಒದ್ದಾಡುವುದು, ಹಠಾತ್ ಭಯ ಕಂಡಾಗ ‘ವಯಸ್ಸಾಯಿತು’, ‘ಮನಸ್ಸಿಗೆ ಹಚ್ಚಿಕೊಂಡಿದ್ದಾರೆ’ ಎನ್ನುವ ಬದಲು ನರರೋಗ ತಜ್ಞರ ಬಳಿ ಕರೆದೊಯ್ಯುವುದು ಒಳ್ಳೆಯದು.

ಸತ್ತ ಮೇಲೂ ದನಿಯ ಜಗಳ ಮುಗಿಯಲಿಲ್ಲ. ತಮ್ಮ ಹೆಸರು, ಮುಖ, ದನಿಯನ್ನು ಸಾವಿನ ನಂತರ 25 ವರ್ಷ, ಅಂದರೆ 2039ರವರೆಗೆ ವ್ಯಾಪಾರಕ್ಕೆ ಬಳಸದಂತೆ ವಿಲಿಯಮ್ಸ್ ಬದುಕಿರುವಾಗಲೇ ಪತ್ರ ಮಾಡಿಸಿದ್ದರು. ಯಂತ್ರಬುದ್ಧಿ ಅದನ್ನು ಕೇಳುವ ಗೋಜಿಗೆ ಹೋಗಲಿಲ್ಲ. ಅಪ್ಪನ ದನಿಯನ್ನು ಎಐ ಮೂಲಕ ನಕಲು ಮಾಡುವುದು ಮನಸ್ಸು ಕಲಕುತ್ತದೆ ಎಂದು ಮಗಳು, ನಿರ್ದೇಶಕಿ ಝೆಲ್ಡಾ 2023ರ ಅಕ್ಟೋಬರ್‌ನಲ್ಲಿ ಬರೆದರು. ಎರಡು ವರ್ಷಗಳ ಮೇಲೆ, ಅಂಥ ವಿಡಿಯೊಗಳನ್ನು ತನಗೆ ಕಳಿಸುವುದನ್ನು ದಯವಿಟ್ಟು ನಿಲ್ಲಿಸಿ ಎಂದು ಮತ್ತೆ ಕೇಳಿಕೊಳ್ಳಬೇಕಾಯಿತು. ಭಾವನೆಯ ಮಾತು ಬದಿಗಿಟ್ಟರೂ ಆ ನಕಲಿನಲ್ಲಿ ಹುರುಳಿಲ್ಲ. ಧಾಟಿ ಸಿಗಬಹುದು, ಕೈಗೆ ಕೋಲು ಕೊಟ್ಟ ಕ್ಷಣ, ಎದುರಿದ್ದ ಡೇಮನ್ ನಗು, ಬಟ್ಟೆಯ ಕೆಳಗಿನ ಸಾಮಾನು ಅದಕ್ಕೆ ಸಿಗುವುದಿಲ್ಲ. ಅದೇ 2023ರಲ್ಲಿ ಡಿಸ್ನಿ ತನ್ನ ಶತಮಾನದ ಕಿರುಚಿತ್ರದಲ್ಲಿ ಜೀನಿಯನ್ನು ತಂದಾಗ ನಕಲಿ ದನಿ ಬಳಸಲಿಲ್ಲ. ಕುಟುಂಬದವರ ಒಪ್ಪಿಗೆ ಪಡೆದು, ಮೂವತ್ತು ವರ್ಷ ಹಿಂದಿನ ಧ್ವನಿಮುದ್ರಣದಲ್ಲಿ ಬಳಸದೆ ಉಳಿದಿದ್ದ ಮಾತುಗಳನ್ನು ಹುಡುಕಿ ತೆಗೆಯಿತು. ಅದು ಸರಿಯಾದ ದಾರಿ.

ಹಾಗೆ ಹುಡುಕುವವರಿಗೆ ಇನ್ನೂ ಸರಕಿದೆ. ‘ಮಿಸೆಸ್ ಡೌಟ್‌ಫೈರ್’ನಲ್ಲಿ ಬಳಸದೆ ಬಿಟ್ಟ ಚಿತ್ರಿಕೆಗಳು ಗೋದಾಮೊಂದರಲ್ಲಿ ಸುಮಾರು 972 ಪೆಟ್ಟಿಗೆಗಳಲ್ಲಿವೆ, ಒಬ್ಬ ಸಂಕಲನಕಾರರನ್ನು ಕೂರಿಸಿ ಅವುಗಳಿಂದ ಸಾಕ್ಷ್ಯಚಿತ್ರ ಮಾಡಬೇಕೆಂದಿದ್ದೇನೆ ಎಂದು ಕೊಲಂಬಸ್ ಹೇಳಿದ್ದಾರೆ.